ಶಿರಾ ಸುಬಾದಿಂದ ಟರ್ಮಿನಸ್‌ವರೆಗೆ: ವೈಜ್ಞಾನಿಕ ಕಾದಂಬರಿಗೆ ಹೊಸಬರಾದ ಓದುಗರಿಗೆ



ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಓದುತ್ತಿರುವ ನಿಮ್ಮಲ್ಲಿ ಹೆಚ್ಚಿನವರು ಪಠ್ಯಪುಸ್ತಕ ಬಿಟ್ಟು ಬೇರೆ ಪುಸ್ತಕವನ್ನು ಕೈಗೆತ್ತಿಕೊಂಡರೆ ಮನೆಯಲ್ಲಿ ಕೇಳಿಬರುವ ಮೊದಲ ಪ್ರಶ್ನೆ, "ಇದು ಪರೀಕ್ಷೆಗೆ ಬರುತ್ತದೆಯೇ?" ಎಂಬುದು. ಕಷ್ಟಪಟ್ಟು ಫೀಜು ಕಟ್ಟುವ ತಂದೆತಾಯಿಗಳು ಹಾಗೆ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಅದರಲ್ಲೂ ವೈಜ್ಞಾನಿಕ ಕಾದಂಬರಿ ಎಂದರೆ ಹಾರುವ ತಟ್ಟೆ, ಯಂತ್ರಮಾನವ, ಅನ್ಯಗ್ರಹದ ಜೀವಿ, ಒಟ್ಟಿನಲ್ಲಿ ಹೊತ್ತು ಕಳೆಯುವ ಕಟ್ಟುಕತೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದ್ದರಿಂದ ಈ ಪ್ರಕಾರವನ್ನು ಇದುವರೆಗೆ ಮುಟ್ಟದ ಓದುಗರಿಗೆ ಒಂದು ಸರಣಿಯನ್ನು ಶಿಫಾರಸು ಮಾಡುವ ಮುನ್ನ ಅದನ್ನು ಏಕೆ ಓದಬೇಕು ಎಂಬುದಕ್ಕೆ ಉತ್ತರ ಕೊಡುವುದು ನನ್ನ ಕರ್ತವ್ಯ. ಆ ಉತ್ತರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಅದು ಶಿರಾ ಕೋಟೆಯ ಕಂದಕದಲ್ಲಿಯೂ ಪಾವಗಡದ ಬಿಸಿಲಿನಲ್ಲಿಯೂ ಇದೆ.

ನಾನು ಶಿಫಾರಸು ಮಾಡುವ ಸರಣಿ ಐಸಾಕ್ ಅಸಿಮೊವ್ ಬರೆದ 'ಫೌಂಡೇಶನ್'. ಆದರೆ ಏಣಿಯ ಮೊದಲ ಮೆಟ್ಟಿಲನ್ನೇ ಎತ್ತರದಲ್ಲಿ ಇಡಬಾರದು. ಅದಕ್ಕೆ ಮೊದಲು ಎರಡು ಚಿಕ್ಕ ಮೆಟ್ಟಿಲುಗಳನ್ನು ಹತ್ತೋಣ.

ವೈಜ್ಞಾನಿಕ ಕಾದಂಬರಿ ಎಂದರೇನು?

ಇತಿಹಾಸಕಾರ "ಹೀಗೆ ಆಯಿತು, ಏಕೆ ಆಯಿತು?" ಎಂದು ಕೇಳುತ್ತಾನೆ. ವೈಜ್ಞಾನಿಕ ಕಾದಂಬರಿಕಾರ "ಹೀಗೆ ಆದರೆ ಮುಂದೇನಾಗುತ್ತದೆ?" ಎಂದು ಕೇಳುತ್ತಾನೆ. ಎರಡೂ ಕಾರಣ ಮತ್ತು ಪರಿಣಾಮಗಳ ಲೆಕ್ಕವೇ. ಜಾನಪದ ಕತೆಯಲ್ಲಿ ಮಂತ್ರದ ಕಂಬಳಿ ಹಾರಿದರೆ ಯಾರೂ ಪ್ರಶ್ನಿಸುವುದಿಲ್ಲ. ವೈಜ್ಞಾನಿಕ ಕತೆಯಲ್ಲಿ ಒಂದು ವಾಹನ ಹಾರಿದರೆ ಅದಕ್ಕೆ ಇಂಧನ ಯಾವುದು, ಅದನ್ನು ಯಾರು ಕಟ್ಟಿದರು, ಅದು ಬಂದ ಮೇಲೆ ಕೂಲಿಕಾರನ ಬದುಕು, ರಾಜನ ಅಧಿಕಾರ, ಹೆಣ್ಣುಮಗಳ ಓದು ಹೇಗೆ ಬದಲಾದವು ಎಂದು ಲೇಖಕ ಯೋಚಿಸಲೇಬೇಕು. ಇತಿಹಾಸ ಬಲ್ಲವನಿಗೆ ಈ ಸಾಹಿತ್ಯ ಬೇಗ ಒಲಿಯುವುದಕ್ಕೆ ಇದೇ ಕಾರಣ.

ಮೊದಲ ಮೆಟ್ಟಿಲು: ಒಂದು ಕನಸು ಮತ್ತು ಪಾವಗಡದ ಬಿಸಿಲು

1905ರಲ್ಲಿ ಮದ್ರಾಸಿನ 'ಇಂಡಿಯನ್ ಲೇಡೀಸ್ ಮ್ಯಾಗಜೀನ್' ಎಂಬ ಪತ್ರಿಕೆಯಲ್ಲಿ 'ಸುಲ್ತಾನಾಸ್ ಡ್ರೀಮ್' ಎಂಬ ಇಂಗ್ಲಿಷ್ ಕತೆ ಪ್ರಕಟವಾಯಿತು. ಬರೆದವರು ಬೇಗಂ ರೊಕೆಯಾ ಸಖಾವತ್ ಹುಸೇನ್. 1880ರಲ್ಲಿ ರಂಗಪುರ ಜಿಲ್ಲೆಯ ಪೈರಾಬಂದ್ ಗ್ರಾಮದ ಜಮೀನ್ದಾರಿ ಮನೆತನದಲ್ಲಿ ಹುಟ್ಟಿದ ಅವರು ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಆ ಕಾಲದ ಅಂತಹ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಬಂಗಾಳಿ, ಇಂಗ್ಲಿಷ್ ಕಲಿಸುವ ರೂಢಿ ಇರಲಿಲ್ಲ. ಅಣ್ಣ ಇಬ್ರಾಹಿಂ ಸಾಬಿರ್ ಅವರು ತಂಗಿಗೆ ಗುಟ್ಟಾಗಿ ಪಾಠ ಹೇಳಿಕೊಟ್ಟರು.

ಕತೆ ಹತ್ತು ಹದಿನೈದು ಪುಟಗಳಷ್ಟು ಮಾತ್ರ. ನಿರೂಪಕಿ ಕನಸಿನಲ್ಲಿ ಒಂದು ಸ್ತ್ರೀರಾಜ್ಯಕ್ಕೆ ಹೋಗುತ್ತಾಳೆ. ಅಲ್ಲಿ ಗಂಡಸರು ಒಳಮನೆಯಲ್ಲಿರುತ್ತಾರೆ, ರಾಜ್ಯಭಾರ ಹೆಂಗಸರದು. ಅಲ್ಲಿನ ರಾಣಿ ಹೆಣ್ಣುಮಕ್ಕಳಿಗೆಲ್ಲ ಶಿಕ್ಷಣ ಕೊಡಬೇಕೆಂದೂ 21 ವರ್ಷಕ್ಕೆ ಮೊದಲು ಮದುವೆ ಮಾಡಬಾರದೆಂದೂ ಆಜ್ಞೆ ಮಾಡಿದ್ದಾಳೆ. ಮಹಿಳಾ ವಿಶ್ವವಿದ್ಯಾಲಯಗಳು ಎರಡು. ಒಂದು ವಿಶ್ವವಿದ್ಯಾಲಯದವರು ಆಕಾಶದಿಂದಲೇ ನೀರು ಸೆಳೆಯುವ ಬಲೂನನ್ನು ಕಂಡುಹಿಡಿದಿದ್ದಾರೆ. ಇನ್ನೊಂದರವರು ಸೂರ್ಯನ ಶಾಖವನ್ನು ಸಂಗ್ರಹಿಸುವ ಉಪಕರಣ ಮಾಡಿದ್ದಾರೆ. ಆ ಶಾಖದಿಂದಲೇ ಅಡುಗೆ. ಶತ್ರು ದಂಡೆತ್ತಿ ಬಂದಾಗ ಅದೇ ಶಾಖ ಆಯುಧ.

ಈಗ ಪಾವಗಡದ ಕಡೆ ನೋಡಿ. ಮಳೆಯನ್ನು ನಂಬಿ ಕೆಟ್ಟ ತಾಲ್ಲೂಕು ಎಂದು ಹೆಸರಾದ ಈ ನೆಲದಲ್ಲಿ, ತಿರುಮಣಿ ಸುತ್ತಮುತ್ತಲಿನ ಐದು ಗ್ರಾಮಗಳ ಸುಮಾರು 13,000 ಎಕರೆ ಜಮೀನಿನಲ್ಲಿ ಸೌರ ವಿದ್ಯುತ್ ಪಾರ್ಕ್ ಎದ್ದು ನಿಂತಿದೆ. 2018ರಲ್ಲಿ ಅದರ ಮೊದಲ ಹಂತ ಉದ್ಘಾಟನೆಯಾಯಿತು. 2019ರ ಕೊನೆಗೆ ಸಾಮರ್ಥ್ಯ 2,050 ಮೆಗಾವ್ಯಾಟ್ ತಲುಪಿತು. ರೊಕೆಯಾ ಕಲ್ಪಿಸಿದ್ದು ಬಿಸಿಲಿನ ಶಾಖವನ್ನು; ತಿರುಮಣಿಯ ಫಲಕಗಳಲ್ಲಿ ಬೆಳಕೇ ನೇರವಾಗಿ ವಿದ್ಯುತ್ತಾಗುತ್ತದೆ. ಅಂತಹ ಸಿಲಿಕಾನ್ ಕೋಶವನ್ನು ಅಮೆರಿಕದ ಬೆಲ್ ಪ್ರಯೋಗಾಲಯ ತೋರಿಸಿದ್ದು 1954ರಲ್ಲಿ, ಎಂದರೆ ಕತೆ ಅಚ್ಚಾದ 49 ವರ್ಷಗಳ ನಂತರ. ಆಕೆ ಯಂತ್ರದ ವಿವರವನ್ನು ಸರಿಯಾಗಿ ಹೇಳಿದರು ಎಂಬುದಲ್ಲ ಇಲ್ಲಿನ ಹೆಚ್ಚುಗಾರಿಕೆ. ಸುಡುವ ಬಿಸಿಲು ಶಾಪವಲ್ಲ, ಸಂಪತ್ತು ಎಂದು ಕಾಣಬಲ್ಲ ಕಣ್ಣು ಆಕೆಗಿತ್ತು.

ಇನ್ನೂ ಒಂದು ವಿಷಯ ಗಮನಿಸಿ. ಪಾರ್ಕಿಗೆ ಜಮೀನನ್ನು ಕ್ರಯಕ್ಕೆ ತೆಗೆದುಕೊಳ್ಳಲಿಲ್ಲ; ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಗೊತ್ತುಮಾಡಿ ಆರಂಭಿಸಿದರು. ಜಮೀನುಳ್ಳವರಿಗೆ ಗುತ್ತಿಗೆ ಹಣ ಬಂತು. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಗುತ್ತಿಗೆ ಬರೆದುಕೊಡಲು ಜಮೀನೇ ಇರಲಿಲ್ಲ. ಒಂದು ಹೊಸ ಶಕ್ತಿ ಊರಿಗೆ ಬಂದಾಗ ಅದರ ಪಾಲು ಯಾರಿಗೆ ಎಂಬುದು ಉತ್ತಮ ವೈಜ್ಞಾನಿಕ ಕತೆಗಳೆಲ್ಲ ಕೇಳುವ ಪ್ರಶ್ನೆ. ರೊಕೆಯಾ ಅವರ ಕತೆ ಅದನ್ನು ಹೆಣ್ಣುಮಕ್ಕಳ ಪರವಾಗಿ ಕೇಳಿತು. ಕತೆ ಬರೆದು ಅವರು ಸುಮ್ಮನೆ ಕೂರಲಿಲ್ಲ. ಗಂಡ ತೀರಿಕೊಂಡ 1909ರಲ್ಲಿ ಭಾಗಲ್ಪುರದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. 1911ರಲ್ಲಿ ಅದನ್ನು ಕಲ್ಕತ್ತೆಯಲ್ಲಿ ಎಂಟು ವಿದ್ಯಾರ್ಥಿನಿಯರೊಂದಿಗೆ ಮತ್ತೆ ಆರಂಭಿಸಿದರು. ಸಖಾವತ್ ಸ್ಮಾರಕ ಶಾಲೆ ಇಂದಿಗೂ ಅಲ್ಲಿದೆ. ಕನಸನ್ನು ಶಾಲೆಯಾಗಿಸಿದ ಈ ಮಹಿಳೆಯ ಕತೆಯಿಂದಲೇ ನಿಮ್ಮ ಓದು ಶುರುವಾಗಲಿ. ಒಂದು ಸಂಜೆ ಸಾಕು.

ಎರಡನೆಯ ಮೆಟ್ಟಿಲು: ಟಿಪ್ಪುವಿನ ಬಂಧುವೆನಿಸಿಕೊಂಡ ನಾವಿಕ

ಫ್ರೆಂಚ್ ಲೇಖಕ ಜೂಲ್ಸ್ ವರ್ನ್ 1869-70ರಲ್ಲಿ 'ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದ ಸೀ' ಎಂಬ ಕಾದಂಬರಿಯನ್ನು ಪ್ರಕಟಿಸಿದ. ಅದರಲ್ಲಿ ವಿದ್ಯುತ್ ಬಲದಿಂದ ಚಲಿಸುವ 'ನಾಟಿಲಸ್' ಎಂಬ ಜಲಾಂತರ್ನೌಕೆ; ಅದರ ಒಡೆಯ ಕ್ಯಾಪ್ಟನ್ ನೆಮೊ. ಅವನು ಯಾವ ದೇಶದವನು, ಸಾಮ್ರಾಜ್ಯಗಳ ಮೇಲೆ ಅವನಿಗೇಕೆ ಅಷ್ಟು ಸಿಟ್ಟು ಎಂಬುದು ಆ ಪುಸ್ತಕದಲ್ಲಿ ತಿಳಿಯುವುದಿಲ್ಲ. ಗುಟ್ಟು ಬಿಚ್ಚುವುದು 1874-75ರ 'ದ ಮಿಸ್ಟೀರಿಯಸ್ ಐಲೆಂಡ್' ಕಾದಂಬರಿಯಲ್ಲಿ. ನೆಮೊ ಭಾರತೀಯ! ಬುಂದೇಲಖಂಡದ ರಾಜಕುಮಾರ ಡಕ್ಕಾರ್ ಅವನ ನಿಜವಾದ ಹೆಸರು. 1857ರ ದಂಗೆಯಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ, ಹೆಂಡತಿ ಮಕ್ಕಳನ್ನು ಕಳೆದುಕೊಂಡು, ಸಮುದ್ರದ ಪಾಲಾದವನು. ಅಷ್ಟೇ ಅಲ್ಲ, ಅವನು ಟಿಪ್ಪು ಸುಲ್ತಾನನ ಸೋದರ ಸಂಬಂಧಿ, ವರಸೆಯಲ್ಲಿ ಮಗನಾಗಬೇಕಾದವನು ಎಂದೂ ವರ್ನ್ ಬರೆಯುತ್ತಾನೆ.

ಇತಿಹಾಸದ ವಿದ್ಯಾರ್ಥಿಗಳಾದ ನೀವು ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಬೇಕು. ಕಾದಂಬರಿಯ ಪ್ರಕಾರ ಡಕ್ಕಾರ್ ಹತ್ತನೆಯ ವಯಸ್ಸಿನಲ್ಲಿ ಯೂರೋಪಿಗೆ ಹೋಗಿ ಮೂವತ್ತರವರೆಗೆ ಕಲಿತು, 1849ರಲ್ಲಿ ಸ್ವದೇಶಕ್ಕೆ ಮರಳಿದ. ಅಂದರೆ ಹುಟ್ಟಿದ್ದು 1819ರ ಸುಮಾರಿಗೆ. ಟಿಪ್ಪು ಮಡಿದದ್ದು 1799ರ ಮೇ 4ರಂದು. ಬುಂದೇಲಖಂಡದ ಅರಸು ಮನೆತನಕ್ಕೂ ಶ್ರೀರಂಗಪಟ್ಟಣಕ್ಕೂ ಇಂತಹ ನೆಂಟಸ್ತಿಕೆ ಇತಿಹಾಸದಲ್ಲಿಲ್ಲ. ಆದ್ದರಿಂದ ಇದು ಕಲ್ಪನೆ. ಆದರೂ ಈ ಕಲ್ಪನೆ ಅರ್ಥಪೂರ್ಣ. ಬ್ರಿಟಿಷರನ್ನು ವಿಜ್ಞಾನದ ಬಲದಿಂದಲೇ ಎದುರಿಸಬಲ್ಲ ಭಾರತೀಯನೊಬ್ಬ ಬೇಕಾದಾಗ, ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು ಯುದ್ಧಭೂಮಿಗೆ ತಂದ ಮೈಸೂರಿನ ಹೆಸರೇ ಫ್ರೆಂಚ್ ಲೇಖಕನಿಗೆ ಹೊಳೆಯಿತು.

ಒಂದು ಎಚ್ಚರಿಕೆ. 1875ರಲ್ಲಿ ಬಂದ 'ಮಿಸ್ಟೀರಿಯಸ್ ಐಲೆಂಡ್'ನ ಹಳೆಯ ಇಂಗ್ಲಿಷ್ ಅನುವಾದದಲ್ಲಿ ಬ್ರಿಟಿಷ್ ಆಡಳಿತದ ವಿರುದ್ಧ ನೆಮೊ ಪರವಾಗಿದ್ದ ಮಾತುಗಳನ್ನು ತಿದ್ದಲಾಗಿತ್ತು. ಅಗ್ಗದ ಬೆಲೆಗೆ ಸಿಗುವ ಪ್ರತಿಗಳಲ್ಲಿ ಅದೇ ಅನುವಾದ ಇರುವುದುಂಟು. 2001ರ ನಂತರದ ಹೊಸ ಅನುವಾದ ಸಿಕ್ಕರೆ ಅದನ್ನೇ ಓದಿರಿ. ಅನುವಾದಕನ ಕತ್ತರಿ ಹೇಗೆ ಇತಿಹಾಸವನ್ನೇ ಬದಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಮುಖ್ಯ ಸರಣಿ: ಫೌಂಡೇಶನ್

ಐಸಾಕ್ ಅಸಿಮೊವ್ 1920ರಲ್ಲಿ ರಷ್ಯಾದ ಪೆಟ್ರೊವಿಚಿ ಎಂಬ ಹಳ್ಳಿಯಲ್ಲಿ ಹುಟ್ಟಿ, ಮೂರನೆಯ ವಯಸ್ಸಿಗೆ ತಂದೆತಾಯಿಯೊಂದಿಗೆ ಅಮೆರಿಕಕ್ಕೆ ವಲಸೆ ಹೋದವರು. ತಂದೆ ನ್ಯೂಯಾರ್ಕಿನಲ್ಲಿ ಮಿಠಾಯಿ ಅಂಗಡಿ ಇಟ್ಟಿದ್ದರು. ಅಂಗಡಿಯಲ್ಲಿ ಮಾರಾಟಕ್ಕಿದ್ದ ಪತ್ರಿಕೆಗಳನ್ನು ಓದುತ್ತಲೇ ಹುಡುಗ ಕತೆಗಾರನಾದ. 1941ರ ಆಗಸ್ಟ್ 1ರಂದು ರಸಾಯನಶಾಸ್ತ್ರದ ವಿದ್ಯಾರ್ಥಿಯಾಗಿದ್ದ 21 ವರ್ಷದ ಈ ಯುವಕ ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಅವರನ್ನು ಕಾಣಲು ರೈಲಿನಲ್ಲಿ ಹೋಗುತ್ತಿದ್ದಾಗ, ರೋಮನ್ ಸಾಮ್ರಾಜ್ಯದ ಅವನತಿಯನ್ನು ಕುರಿತು ಎಡ್ವರ್ಡ್ ಗಿಬ್ಬನ್ ಬರೆದ ಇತಿಹಾಸ ನೆನಪಾಗಿ, ನಕ್ಷತ್ರಲೋಕದ ಸಾಮ್ರಾಜ್ಯವೊಂದು ಕುಸಿಯುವ ಕತೆ ಹೊಳೆಯಿತು. ಮೊದಲ ಕತೆ 1942ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಕತೆಗಳು ಪುಸ್ತಕ ರೂಪದಲ್ಲಿ ಮೂರು ಸಂಪುಟಗಳಾದವು: 'ಫೌಂಡೇಶನ್' (1951), 'ಫೌಂಡೇಶನ್ ಅಂಡ್ ಎಂಪೈರ್' (1952), 'ಸೆಕೆಂಡ್ ಫೌಂಡೇಶನ್' (1953). 1966ರಲ್ಲಿ ಇದಕ್ಕೆ ಸಾರ್ವಕಾಲಿಕ ಶ್ರೇಷ್ಠ ಸರಣಿ ಎಂಬ ಹ್ಯೂಗೊ ಪ್ರಶಸ್ತಿ ದೊರೆಯಿತು.

ಕತೆಯ ತಿರುಳು ಇಷ್ಟು. ಲಕ್ಷಾಂತರ ಗ್ರಹಗಳನ್ನು ಆಳುವ ಸಾಮ್ರಾಜ್ಯದ ರಾಜಧಾನಿ ಟ್ರಾಂಟರ್. ಹೊರನೋಟಕ್ಕೆ ವೈಭವ; ಆದರೆ ಇಡೀ ಗ್ರಹ ಲೋಹದ ಛಾವಣಿಯ ಊರಾಗಿರುವುದರಿಂದ ದಿನದ ಅನ್ನವೂ ಹೊರಗಿನ ಗ್ರಹಗಳಿಂದ ಬರಬೇಕು. ಹ್ಯಾರಿ ಸೆಲ್ಡನ್ ಎಂಬ ಗಣಿತಜ್ಞ ಜನಸಮೂಹದ ನಡವಳಿಕೆಯನ್ನು ಲೆಕ್ಕ ಹಾಕುವ ಶಾಸ್ತ್ರವೊಂದನ್ನು ಕಟ್ಟಿ, ಸಾಮ್ರಾಜ್ಯ ಬೀಳುವುದು ಖಚಿತ ಎನ್ನುತ್ತಾನೆ. ಬಿದ್ದ ಮೇಲೆ 30,000 ವರ್ಷಗಳ ಅಜ್ಞಾನದ ಯುಗ ಬರುತ್ತದೆ. ಬೀಳುವುದನ್ನು ತಡೆಯಲಾಗದು; ಆದರೆ ಜ್ಞಾನವನ್ನು ಕಾಪಾಡಿದರೆ ಆ ಕತ್ತಲೆಯನ್ನು 1,000 ವರ್ಷಗಳಿಗೆ ಇಳಿಸಬಹುದು. ಅದಕ್ಕಾಗಿ ವಿದ್ವಾಂಸರ ತಂಡವೊಂದನ್ನು ಎಲ್ಲಕ್ಕಿಂತ ದೂರದ, ಖನಿಜ ಸಂಪತ್ತಿಲ್ಲದ ಬಡಗ್ರಹ ಟರ್ಮಿನಸ್‌ಗೆ ಕಳುಹಿಸಲಾಗುತ್ತದೆ. 50 ವರ್ಷಗಳಲ್ಲಿ ಅದರ ಸುತ್ತಲಿನ ಪ್ರಾಂತ್ಯಗಳ ಅಧಿಕಾರಿಗಳು ತಾವೇ ರಾಜರೆಂದು ಘೋಷಿಸಿಕೊಳ್ಳುತ್ತಾರೆ. ಸೈನ್ಯವಿಲ್ಲದ, ವಿದ್ಯೆ ಮಾತ್ರ ಇರುವ ಟರ್ಮಿನಸ್ ಹೇಗೆ ಉಳಿದೀತು? ಉತ್ತರವನ್ನು ನೀವೇ ಓದಿ ತಿಳಿಯಬೇಕು.

ಶಿರಾದವರಿಗೆ ಈ ಕತೆ ಹೊಸದಲ್ಲ

ಈ ಸರಣಿಯನ್ನು ಓದುವ ಲಂಡನ್ನಿನ ಓದುಗನಿಗೆ ರೋಮ್ ನೆನಪಾಗಬಹುದು. ನಿಮಗೆ ನೆನಪಾಗಬೇಕಾದದ್ದು ಶಿರಾ.

1687ರಲ್ಲಿ ಔರಂಗಜೇಬನ ಸೇನಾನಿ ಖಾಸಿಂ ಖಾನ್ ಈ ಭಾಗವನ್ನು ಗೆದ್ದ ಮೇಲೆ ಶಿರಾ ಮೊಘಲ್ ಸುಬಾದ ರಾಜಧಾನಿಯಾಯಿತು. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣಗಳು ಅದಕ್ಕೆ ಸೇರಿದ್ದವು. ಚಿತ್ರದುರ್ಗ, ಬಿದನೂರು, ಮೈಸೂರು ಮುಂತಾದ ಸಂಸ್ಥಾನಗಳಿಂದ ಕಪ್ಪ ಬರಬೇಕಿತ್ತು. ದೆಹಲಿಯ ದೃಷ್ಟಿಯಲ್ಲಿ ಇದು ಸಾಮ್ರಾಜ್ಯದ ತೆಂಕಣ ಅಂಚು. ಬಿಜಾಪುರದ ಕಾಲದ ಮಲಿಕ್ ರಿಹಾನ್ ದರ್ಗಾ (1651) ಮತ್ತು ಮೊಘಲರ ಕಾಲದ ಜಾಮಿಯಾ ಮಸೀದಿ (1696) ಇಂದಿಗೂ ಆ ದಿನಗಳಿಗೆ ಸಾಕ್ಷಿಯಾಗಿವೆ.

1707ರಲ್ಲಿ ಔರಂಗಜೇಬ್ ತೀರಿಕೊಂಡ. 1724ರಲ್ಲಿ ನಿಜಾಮ್-ಉಲ್-ಮುಲ್ಕ್ ದಖ್ಖನಿನಲ್ಲಿ ಹೆಸರಿಗೆ ಮಾತ್ರ ದೆಹಲಿಯ ಅಧೀನನಾಗಿ, ವಾಸ್ತವದಲ್ಲಿ ಸ್ವತಂತ್ರನಾದ. ಕೇಂದ್ರ ಸೊರಗುತ್ತಿದ್ದರೂ ಶಿರಾ ಮೆರೆಯುತ್ತಲೇ ಇತ್ತು. ದಿಲಾವರ್ ಖಾನನ ಕಾಲದಲ್ಲಿ ಊರು 50,000 ಮನೆಗಳಷ್ಟು ಬೆಳೆದಿತ್ತೆಂದೂ, ಅವನ ಅರಮನೆಯೇ ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ಅರಮನೆಗಳಿಗೆ ಮಾದರಿಯಾಯಿತೆಂದೂ ಗೆಜೆಟಿಯರುಗಳು ದಾಖಲಿಸಿವೆ. ಆದರೆ 1757ರಲ್ಲಿ ಮರಾಠರು ಶಿರಾವನ್ನು ಹಿಡಿದರು. 1761ರಲ್ಲಿ ಅದು ಹೈದರಾಲಿಯ ಕೈಸೇರಿತು. ಮುಂದೆ 1766ರಲ್ಲಿ ಮರಾಠರಿಗೆ, 1774ರಲ್ಲಿ ಟಿಪ್ಪುವಿಗೆ, 1791ರಲ್ಲಿ ಮತ್ತೆ ಮರಾಠರಿಗೆ. ಈ ನಡುವೆ ಶ್ರೀರಂಗಪಟ್ಟಣದ ಶಹರ್ ಗಂಜಾಂ ಕಟ್ಟಲು ಶಿರಾದಿಂದ 12,000 ಕುಟುಂಬಗಳನ್ನು ಸಾಗಿಸಲಾಯಿತು. ಕುಶಲಕರ್ಮಿಗಳೇ ಹೊರಟ ಮೇಲೆ ಊರಿನಲ್ಲಿ ಉಳಿಯುವುದೇನು?

ಟ್ರಾಂಟರ್‌ನಲ್ಲಿ ಆಗುವುದೂ ಇದೇ. ಸಾಮ್ರಾಜ್ಯ ಒಂದೇ ದಿನ ಬೀಳುವುದಿಲ್ಲ. ಅರಮನೆ ಕಟ್ಟುವ ಕೆಲಸ ನಡೆಯುತ್ತಿರುವಾಗಲೇ ಅಂಚಿನ ಹಗ್ಗಗಳು ಒಂದೊಂದಾಗಿ ಕಡಿದುಹೋಗುತ್ತವೆ. ಮತ್ತೊಂದು ಹೋಲಿಕೆಯನ್ನೂ ನೋಡಿ. ಹೈದರಾಲಿಯ ತಂದೆ ಫತೇ ಮಹಮದ್ ಶಿರಾ ಸುಬೇದಾರರ ಸೇವೆಯಲ್ಲಿದ್ದವರು. ಬೂದಿಕೋಟೆ ಅವರ ಜಹಗೀರು. ಅಂಚಿನಲ್ಲಿ ಬೆಳೆದ ಮಗ ಹಳೆಯ ಸುಬಾವನ್ನೇ ತನ್ನದಾಗಿಸಿಕೊಂಡ. ಹೊಸ ಶಕ್ತಿ ಕೇಂದ್ರದಿಂದಲ್ಲ, ಗಡಿಯಿಂದ ಹುಟ್ಟುತ್ತದೆ ಎಂಬುದು ಅಸಿಮೊವ್ ಅವರ ಕತೆಯ ಜೀವಾಳ. ಮಧುಗಿರಿ, ಪಾವಗಡ, ಕೊರಟಗೆರೆಯ ಚನ್ನರಾಯನದುರ್ಗ ಇವುಗಳ ಬೆಟ್ಟದ ಕೋಟೆಗಳನ್ನು ಹತ್ತಿದವರಿಗೆ ಇದು ಕಣ್ಣಿಗೆ ಕಾಣುವ ಸತ್ಯ. ದೊಡ್ಡ ಅಧಿಕಾರ ಸಡಿಲವಾದಾಗಲೆಲ್ಲ ಈ ಬೆಟ್ಟಗಳಿಗೆ ಬೆಲೆ ಬಂದಿದೆ. ಬಿದನೂರು ಗೆದ್ದ ಹೈದರಾಲಿ ಅಲ್ಲಿನ ರಾಣಿ ವೀರಮ್ಮಾಜಿಯನ್ನು ಸೆರೆಯಿಟ್ಟದ್ದೂ ಮಧುಗಿರಿಯಲ್ಲೇ. 1767ರಲ್ಲಿ ಆಕೆಯನ್ನು ಬಿಡಿಸಿದವರು ಮರಾಠರು.

ಇಬ್ನ್ ಖಲ್ದೂನ್ ಮತ್ತು ಹ್ಯಾರಿ ಸೆಲ್ಡನ್

ಸೆಲ್ಡನ್‌ನ ಶಾಸ್ತ್ರ ಕಾಲ್ಪನಿಕ. ಆದರೆ ರಾಜ್ಯಗಳ ಏಳುಬೀಳಿಗೆ ನಿಯಮವುಂಟೇ ಎಂಬ ಪ್ರಶ್ನೆ ಹಳೆಯದು. 1332ರಲ್ಲಿ ಟ್ಯೂನಿಸ್‌ನಲ್ಲಿ ಹುಟ್ಟಿದ ಇಬ್ನ್ ಖಲ್ದೂನ್ 1377ರಲ್ಲಿ ತನ್ನ 'ಮುಕದ್ದಿಮಾ' ಗ್ರಂಥದಲ್ಲಿ ಇದನ್ನೇ ಚರ್ಚಿಸಿದ. ಕಷ್ಟದಲ್ಲಿ ಬೆಳೆದ ಜನರಲ್ಲಿ ಒಗ್ಗಟ್ಟು ಗಟ್ಟಿಯಾಗಿರುತ್ತದೆ. ಅದನ್ನು ಅವನು 'ಅಸಬಿಯ್ಯಾ' ಎಂದ. ಆ ಬಲದಿಂದ ರಾಜ್ಯ ಕಟ್ಟುತ್ತಾರೆ. ಸುಖಕ್ಕೆ ಬಿದ್ದ ಮಕ್ಕಳು ಮೊಮ್ಮಕ್ಕಳಲ್ಲಿ ಅದು ಕರಗುತ್ತದೆ. ತಲೆಮಾರಿಗೆ 40 ವರ್ಷದಂತೆ ಮೂರು ತಲೆಮಾರು ರಾಜವಂಶವೊಂದರ ಸಾಮಾನ್ಯ ಆಯುಸ್ಸು ಎಂಬುದು ಅವನ ಅಂದಾಜು. ಶಿರಾ ಸುಬಾದ ಮೊದಲ ಆಯುಸ್ಸು 70 ವರ್ಷ!

ಇಬ್ಬರಲ್ಲಿ ವ್ಯತ್ಯಾಸವೂ ಇದೆ. ಇಬ್ನ್ ಖಲ್ದೂನ್ ಆಗಿಹೋದದ್ದನ್ನು ನೋಡಿ ನಿಯಮ ಹುಡುಕಿದ. ಸೆಲ್ಡನ್ ಮುಂದಾಗುವುದನ್ನು ನೋಡಿ ಸಿದ್ಧತೆ ಮಾಡಿದ. ಗ್ರಂಥಾಲಯ ಮತ್ತು ಶಾಲೆ ಅವನ ಸಿದ್ಧತೆಯ ಆಯುಧಗಳು. ಶಿರಾದ ವೈಭವದ ದಿನಗಳಲ್ಲಿ ಅರಮನೆ, ತೋಟಗಳ ಜೊತೆಗೆ, ದೊರೆ ಬದಲಾದರೂ ನಿಲ್ಲದಂತಹ ವಿದ್ಯಾಸಂಸ್ಥೆಯೊಂದು ಬೇರೂರಿ ನಮ್ಮ ಕಾಲದವರೆಗೆ ನಡೆದು ಬಂದಿದ್ದರೆ ಈ ತಾಲ್ಲೂಕುಗಳ ಚಿತ್ರ ಹೇಗಿರುತ್ತಿತ್ತು? ಇದೇ "ಹೀಗೆ ಆಗಿದ್ದರೆ?" ಎಂಬ ಪ್ರಶ್ನೆ. ಶಿಕ್ಷಣಕ್ಕಾಗಿ ದುಡಿಯುವ ಸಂಘಗಳ ಸದಸ್ಯರು ಇದನ್ನು ತಮಗೆ ತಾವೇ ಕೇಳಿಕೊಳ್ಳುವುದು ಒಳ್ಳೆಯದು.

ಓದುವ ಕ್ರಮ

ಅಸಿಮೊವ್ 1980ರ ದಶಕದಿಂದ ಮುಂದೆ ಇದೇ ಸರಣಿಗೆ ಇನ್ನೂ ನಾಲ್ಕು ಕಾದಂಬರಿಗಳನ್ನು ಸೇರಿಸಿದರು. ಅವುಗಳಲ್ಲಿ ಎರಡು, 1988 ಮತ್ತು 1993ರಲ್ಲಿ ಬಂದವು, ಕತೆಯ ಕಾಲದ ಲೆಕ್ಕದಲ್ಲಿ ಮೊದಲಿನವು. ಆದರೂ ಅವುಗಳಿಂದ ಆರಂಭಿಸಬೇಡಿ. 1951, 1952, 1953ರ ಮೂರನ್ನು ಅದೇ ಕ್ರಮದಲ್ಲಿ ಓದಿರಿ. ಮುಂದಿನವು ಬೇಕೆನಿಸಿದರೆ ಮಾತ್ರ. 2021ರಿಂದ ಬಂದಿರುವ ದೂರದರ್ಶನ ರೂಪಾಂತರ ಮೂಲದಿಂದ ಬಹಳ ದೂರ ಸರಿದಿದೆ. ಅದನ್ನು ನೋಡಿ ಪುಸ್ತಕ ಓದಿದೆನೆಂದು ತಿಳಿಯಬೇಡಿ.

ಕೊರತೆಗಳನ್ನೂ ಹೇಳಿಬಿಡುತ್ತೇನೆ. ಮೊದಲ ಪುಸ್ತಕದಲ್ಲಿ ಯುದ್ಧದ ವರ್ಣನೆ ಕಡಿಮೆ, ಕೋಣೆಯಲ್ಲಿ ಕುಳಿತು ಆಡುವ ಮಾತು ಜಾಸ್ತಿ. ಪ್ರತಿ ಭಾಗದಲ್ಲೂ ಹತ್ತಾರು ವರ್ಷ ಜಿಗಿದು ಪಾತ್ರಗಳು ಬದಲಾಗುತ್ತವೆ. ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಅನುಕೂಲ. ಮೊದಲ ಪುಸ್ತಕದಲ್ಲಿ ಹೆಣ್ಣು ಪಾತ್ರ ಇಲ್ಲವೆಂದರೂ ಸರಿಯೇ. ರೊಕೆಯಾ ಅವರನ್ನು ಓದಿ ಬಂದ ವಿದ್ಯಾರ್ಥಿನಿಯರಿಗೆ ಇದು ಕೂಡಲೇ ಎದ್ದು ಕಾಣುತ್ತದೆ. ತಾಳ್ಮೆ ಇರಲಿ. ಎರಡನೆಯ ಪುಸ್ತಕದ ಬೇಟಾ, ಮೂರನೆಯದರ 14 ವರ್ಷದ ಹುಡುಗಿ ಆರ್ಕೇಡಿ ಕತೆಯ ದಿಕ್ಕನ್ನೇ ಬದಲಿಸುವವರು. ಇಂಗ್ಲಿಷ್ ಬಗ್ಗೆ ಹೆದರಿಕೆ ಬೇಡ. ಅಸಿಮೊವ್ ಅವರ ವಾಕ್ಯಗಳು ಚಿಕ್ಕವು, ನೇರವಾದವು. ದಿನಕ್ಕೆ ಹತ್ತು ಪುಟ ಓದಿದರೂ ಒಂದು ತಿಂಗಳಲ್ಲಿ ಮೊದಲ ಸಂಪುಟ ಮುಗಿಯುತ್ತದೆ. ಜೊತೆಗೆ ನಿಮ್ಮ ಇಂಗ್ಲಿಷೂ ಸುಧಾರಿಸುತ್ತದೆ.

ಕನ್ನಡದಲ್ಲೇ ಓದಬೇಕೆನ್ನುವವರು ರಾಜಶೇಖರ ಭೂಸನೂರಮಠ ಅವರ ವೈಜ್ಞಾನಿಕ ಕಾದಂಬರಿಗಳನ್ನು ಗ್ರಂಥಾಲಯದಲ್ಲಿ ಕೇಳಿ ಪಡೆಯಿರಿ. ಪೂರ್ಣಚಂದ್ರ ತೇಜಸ್ವಿ ಅವರ 'ಕರ್ವಾಲೊ' (1980) ಈ ಪ್ರಕಾರಕ್ಕೆ ನೇರವಾಗಿ ಸೇರದಿದ್ದರೂ, ವಿಜ್ಞಾನದ ಕುತೂಹಲ ಒಂದು ಹಳ್ಳಿಯ ಜನರನ್ನು ಹೇಗೆ ಕಾಡಿಗೆ ಎಳೆದೊಯ್ಯುತ್ತದೆ ಎಂಬುದನ್ನು ತೋರಿಸುವ ಅಪರೂಪದ ಕೃತಿ. ಫೌಂಡೇಶನ್ ಮುಗಿಸಿದ ನಂತರ ಫ್ರಾಂಕ್ ಹರ್ಬರ್ಟ್ ಅವರ 'ಡ್ಯೂನ್' (1965) ಎತ್ತಿಕೊಳ್ಳಬಹುದು. ಮರಳುಗಾಡಿನ ಗ್ರಹ, ಹನಿ ನೀರಿಗೂ ಲೆಕ್ಕ, ಹೆಜ್ಜೆಗೊಂದು ಅರಬ್ಬಿ ಮೂಲದ ಪದ. ಪಾವಗಡದ ಓದುಗರಿಗೆ ನೀರಿನ ಭಾಗ ಯಾರೂ ವಿವರಿಸದೆಯೇ ಅರ್ಥವಾಗುತ್ತದೆ. ಆದರೆ ಅದು ದಪ್ಪ ಪುಸ್ತಕ, ಹೊಸಬರಿಗಲ್ಲ.

ಕೊನೆಯ ಮಾತು

ಈ ಪುಸ್ತಕಗಳು ಪರೀಕ್ಷೆಗೆ ಬರುವುದಿಲ್ಲ. ಆದರೆ ನಿಮ್ಮ ಮುಂದಿನ 40 ವರ್ಷಗಳಲ್ಲಿ ಈ ತಾಲ್ಲೂಕುಗಳಿಗೆ ಏನೇನೋ ಬರಲಿದೆ. ತಿರುಮಣಿಯ ಫಲಕಗಳು ಹದಿನೈದು ವರ್ಷಗಳ ಹಿಂದೆ ಯಾರ ಊಹೆಯಲ್ಲೂ ಇರಲಿಲ್ಲ. ಬರುವುದನ್ನು ಬಂದ ಮೇಲೆ ನೋಡಿ ಬೆರಗಾಗುವವರ ಸಾಲಿನಲ್ಲಿ ನಿಲ್ಲಬೇಕೋ, ಬರುವುದಕ್ಕೆ ಮೊದಲೇ ಯೋಚಿಸಿ ಅದರಲ್ಲಿ ಪಾಲು ಕೇಳುವವರ ಸಾಲಿನಲ್ಲಿ ನಿಲ್ಲಬೇಕೋ ಎಂಬುದನ್ನು ನೀವು ಈಗಲೇ ತೀರ್ಮಾನಿಸಬೇಕು. ರೊಕೆಯಾ ಅವರಿಗೆ ಶಾಲೆಯೂ ಇರಲಿಲ್ಲ, ಗ್ರಂಥಾಲಯವೂ ಇರಲಿಲ್ಲ. ನಿಮಗೆ ಎರಡೂ ಇವೆ. 'ಸುಲ್ತಾನಾಸ್ ಡ್ರೀಮ್' ಮತ್ತು ವರ್ನ್ ಅವರ ಮೂಲಕೃತಿಗಳು ಹಕ್ಕುಸ್ವಾಮ್ಯದ ಅವಧಿ ಮುಗಿದವು, ಖರ್ಚಿಲ್ಲದೆ ಓದಲು ಸಿಗುತ್ತವೆ. ಫೌಂಡೇಶನ್‌ಗೆ ಹಣ ಬೇಕು; ನಾಲ್ಕೈದು ಜನ ಸ್ನೇಹಿತರು ಸೇರಿ ಒಂದು ಪ್ರತಿ ಕೊಂಡು, ಕೈಯಿಂದ ಕೈಗೆ ದಾಟಿಸಿ. ಓದಿ ಮುಗಿಸಿದ ಮೇಲೆ ಅದನ್ನು ನಿಮ್ಮ ಶಾಲೆಯ ಗ್ರಂಥಾಲಯಕ್ಕೆ ಕೊಟ್ಟುಬಿಡಿ. ಮುಂದಿನ ವರ್ಷ ಅದನ್ನು ಬಿಡಿಸಿ ನೋಡುವ ಹುಡುಗ ಅಥವಾ ಹುಡುಗಿ ಯಾರೆಂದು ಈಗ ಯಾರೂ ಹೇಳಲಾರರು. ಸೆಲ್ಡನ್‌ನ ಗಣಿತಕ್ಕೂ ಒಬ್ಬ ವ್ಯಕ್ತಿಯ ಭವಿಷ್ಯ ಸಿಗುತ್ತಿರಲಿಲ್ಲ.